ಬಾವಿಗೆ ತಳ್ಳಿದ್ದು ವಿಧಿಯಲ್ಲ

ನಮಸ್ಕಾರ.

ನಿಮ್ಮ ಲೇಖನ ತಲುಪಿದೆ. ಚೀನಾದ ಚಕ್ರವರ್ತಿ ಗುವಾಂಗ್‌ಷುವಿನ ಕಿರಿಯ ರಾಣಿ ಝೆನ್ ಬಗ್ಗೆ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ಸಂತೋಷ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಕೊನೆಯ ಪುಟಕ್ಕೆ ಬಂದಾಗ ನನಗೆ ಸಿಟ್ಟು ಬಂತು. ಅದನ್ನೇ ಬರೆಯುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ.

ನಿಮ್ಮ ಸಾಲು ಇದು: "ಕ್ರೂರ ವಿಧಿ ಆ ಹೂವನ್ನು ಹೊಸಕಿ ಬಾವಿಗೆ ಎಸೆಯಿತು."

ವಿಧಿಗೆ ಕೈ ಎಲ್ಲಿದೆ? 1900ರ ಆಗಸ್ಟ್‌ನಲ್ಲಿ ಎಂಟು ದೇಶಗಳ ಸೇನೆ ಬೀಜಿಂಗ್‌ಗೆ ನುಗ್ಗಿತ್ತು. ಅಧಿಕಾರವೆಲ್ಲ ಕೈಯಲ್ಲಿಟ್ಟುಕೊಂಡಿದ್ದ ರಾಜಮಾತೆ ತ್ಸಿಶಿ ಹಳ್ಳಿ ಹೆಂಗಸಿನ ಬಟ್ಟೆ ತೊಟ್ಟು ಊರು ಬಿಡುವ ಆತುರದಲ್ಲಿದ್ದಳು. ಹೊರಡುವ ಮುಂಚೆ ಸೆರೆಯಲ್ಲಿದ್ದ ಝೆನ್‌ಳನ್ನು ಕರೆಸಿದಳು. ಬಾವಿಗೆ ತಳ್ಳು ಅಂತ ತ್ಸಿಶಿ ಹೇಳಿದಳು, ಚುಯಿ ಯುಗುಯಿ ಅನ್ನೋ ನಪುಂಸಕ ಸೇವಕ ತಳ್ಳಿದ. ಝೆನ್‌ಗೆ ಆಗ 24 ವರ್ಷ. ಹೇಳಿದವಳಿಗೂ ತಳ್ಳಿದವನಿಗೂ ಹೆಸರಿದೆ. ಆ ಎರಡು ಹೆಸರನ್ನೂ ಅಳಿಸಿ ಅಲ್ಲಿ 'ವಿಧಿ' ಅಂತ ಬರೆದರೆ ಅವರಿಬ್ಬರನ್ನೂ ಬಿಟ್ಟು ಕಳಿಸಿದ ಹಾಗೆ ಆಗುತ್ತೆ, ಅಲ್ವಾ?

ನಾನೂ ಇದೇ ತಪ್ಪು ಮಾಡಿದವನು. ಕೆಲಸಕ್ಕೆ ಸೇರಿದ ಹೊಸತು, ವಾರಪತ್ರಿಕೆಯೊಂದರಲ್ಲಿ. ಹಳ್ಳಿಯೊಂದರಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಬಾವಿಗೆ ಬಿದ್ದು ತೀರಿಕೊಂಡಿದ್ದಳು. "ವಿಧಿಯಾಟಕ್ಕೆ ಬಲಿಯಾದ ನವವಧು" ಅಂತ ಬರೆದು ಒಳ್ಳೆ ತಲೆಬರಹ ಕೊಟ್ಟೆ ಅಂತ ಖುಷಿಯಲ್ಲಿದ್ದೆ. ನಮ್ಮ ಹಿರಿಯ ಉಪಸಂಪಾದಕರು ಅದನ್ನು ಓದಿ, 'ವಿಧಿ'ಗೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ, "ಬಾವಿ ನೋಡಿದ್ದೀಯಾ?" ಅಂದರು. ನೋಡಿರಲಿಲ್ಲ. ಮಾರನೇ ದಿನ ಬೆಳಗಿನ ಬಸ್ಸಿಗೆ ಕಳಿಸಿದರು. ಹೋಗಿ ಆ ಬಾವಿಕಟ್ಟೆಯ ಪಕ್ಕ ನಿಂತೆ. ಕಟ್ಟೆ ನನ್ನ ಎದೆಯ ತನಕ ಇತ್ತು. ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ಅಂಚು ನುಣ್ಣಗಾಗಿತ್ತು. ನೀರು ಸೇದುವಾಗ ಕಾಲು ಜಾರಿ ಬೀಳುವ ಬಾವಿ ಅದಾಗಿರಲಿಲ್ಲ. ವಾಪಸ್ ಬಂದು ಇನ್ನೊಮ್ಮೆ ಬರೆದೆ. ಕಟ್ಟೆಯ ಎತ್ತರ ಬರೆದೆ, ಅಷ್ಟೇ. ಮೂವತ್ತು ವರ್ಷ ಆಯ್ತು, ಆ ಕಲ್ಲಿನ ತಣ್ಣಗಿನ ಅಂಚು ಇನ್ನೂ ಅಂಗೈಯಲ್ಲಿದೆ.

ಇನ್ನೊಂದು ಸಾಲು: "ಏನೂ ಅರಿಯದ ಆ ಮುಗ್ಧೆ ಅರಮನೆಯ ರಾಜಕೀಯಕ್ಕೆ ಸಿಲುಕಿದಳು."

'ಏನೂ ಅರಿಯದ' ಅನ್ನೋದನ್ನ ದಯವಿಟ್ಟು ತೆಗೆಯಿರಿ. 1889ರಲ್ಲಿ ಅಕ್ಕ ಜಿನ್ ಜೊತೆ ಅರಮನೆಗೆ ಬಂದಾಗ ಅವಳು 13 ವರ್ಷದ ಹುಡುಗಿ, ಆಗ ಮುಗ್ಧೆ ಅನ್ನಿ, ಒಪ್ಪುತ್ತೇನೆ. 1894ರ ಹೊತ್ತಿಗೆ ಅವಳ ಮೇಲೆ ಬಂದ ಆರೋಪ ಏನು ಗೊತ್ತಾ? ದುಡ್ಡು ತಗೊಂಡು ಸರ್ಕಾರಿ ಹುದ್ದೆ ಕೊಡಿಸಿದಳು ಅಂತ. ಅವಳ ದರ್ಜೆಯ ರಾಣಿಗೆ ವರ್ಷಕ್ಕೆ ಸಿಗುತ್ತಿದ್ದದ್ದು 300 ತೇಲ್ (ಚೀನಾದ ಹಳೆಯ ತೂಕದ ಅಳತೆ) ಬೆಳ್ಳಿ. ಅದರಲ್ಲೇ ಸೇವಕರ ಕೈ ಬೆಚ್ಚಗೆ ಮಾಡಬೇಕು. ಚಕ್ರವರ್ತಿ ಅವಳ ಮಾತು ಕೇಳುತ್ತಿದ್ದ. ಅವನ ಪಟ್ಟದ ರಾಣಿಯೋ, ತ್ಸಿಶಿಯ ತಮ್ಮನ ಮಗಳು. ಆ ಪಟ್ಟದ ರಾಣಿಯನ್ನು ಬಿಟ್ಟು ಗಂಡ ಈ ಹುಡುಗಿಯ ಕಡೆ ವಾಲಿದ್ದ. ಇಷ್ಟು ಇಟ್ಟುಕೊಂಡು ಯೋಚಿಸಿ, ಎಂಥ ಬಿಸಿ ಬಾಣಲೆ ಅದು!

ಈ ಹುದ್ದೆ ಮಾರಾಟದ ವಿಷಯವನ್ನು ನೀವು ಪೂರ್ತಿ ಬಿಟ್ಟಿದ್ದೀರಿ. ಗೊತ್ತಿಲ್ಲದೆ ಬಿಟ್ಟಿರಲಾರಿರಿ, ನಿಮ್ಮ ಓದು ಅಷ್ಟು ಚೆನ್ನಾಗಿದೆ. ತಪ್ಪು ಮಾಡಿದವಳು ಅಂತ ಗೊತ್ತಾದರೆ ಓದುಗರು ಅವಳಿಗಾಗಿ ಮರುಗಲ್ಲ ಅಂತ ಹೆದರಿದಿರಿ ಅಂತ ಕಾಣುತ್ತೆ. ನಾನು ಮರುಗಿದ್ದು ಅಲ್ಲೇ. ಆ ತಪ್ಪಿಗೆ ಅವಳ ಪದವಿ ಇಳಿಸಿದರು, ಹೊಡೆಸಿದರು. 18 ವರ್ಷದ ಹುಡುಗಿ. ಹಲ್ಲು ಕಚ್ಚಿಕೊಂಡು, ಮೈಯೆಲ್ಲ ಅದುರಿ, ಉಸಿರು ಕಟ್ಟಿತ್ತು ಅಂತ ಅರಮನೆಯ ವೈದ್ಯರ ದಾಖಲೆ ಹೇಳುತ್ತದೆ. ಆಮೇಲೆ ರಾಣಿಯರು ಹೇಗೆ ಅಡಗಿ ನಡೆಯಬೇಕು ಅನ್ನೋ ಎಚ್ಚರಿಕೆಯ ಹಲಗೆ ಬರೆಸಿ ಕೊಟ್ಟರು. ಆ ಹಲಗೆ ಕಣ್ಣೆದುರಿಗೆ ಇದ್ದರೂ ಅವಳು ಬಾಗಲಿಲ್ಲ. 1898ರಲ್ಲಿ ಗುವಾಂಗ್‌ಷು ಆಡಳಿತದ ಸುಧಾರಣೆಗೆ ಹೊರಟಾಗ ಅವನ ಪರ ನಿಂತಳು. ಸುಮಾರು ನೂರು ದಿನಕ್ಕೆ ತ್ಸಿಶಿ ಎಲ್ಲವನ್ನೂ ಮುಗಿಸಿದಳು. ಅವನನ್ನು ಕೆರೆ ನಡುವಿನ ಯಿಂಗ್‌ತಾಯ್ ದ್ವೀಪದಲ್ಲಿ ಇಟ್ಟರು, ಇವಳನ್ನು ಅರಮನೆಯ ಈಶಾನ್ಯ ಮೂಲೆಯ ಪಾಳು ಅಂಗಳದಲ್ಲಿ ಕೂಡಿಹಾಕಿದರು. ಬಾವಿ ಇದ್ದದ್ದೂ ಆ ಕಡೆಯೇ. ಇವತ್ತಿಗೂ ಇದೆ.

ಎರಡು ವರ್ಷ ಬೀಗದೊಳಗೆ ಇದ್ದವಳ ಬಗ್ಗೆ ನಿಮ್ಮ ಲೇಖನದಲ್ಲಿ ಒಂದೇ ಸಾಲಿದೆ. ಅವಳ ಕಣ್ಣು, ತುಟಿ, ಜಡೆಗೆ ಒಂದೂವರೆ ಪುಟ.

ಲೇಖನ ವಾಪಸ್ ಕಳಿಸುತ್ತಿದ್ದೇನೆ. 'ವಿಧಿ' ಅಂತ ಬರೆದ ಏಳು ಕಡೆಯೂ ಕೆಂಪು ಸುತ್ತು ಹಾಕಿದ್ದೇನೆ. ಪ್ರತಿ ಸುತ್ತಿನೊಳಗೂ ಒಬ್ಬರ ಹೆಸರು ತುಂಬಿ. ಹುದ್ದೆ ಮಾರಿದ ಕಡೆ ಝೆನ್‌ಳ ಹೆಸರೂ ಬರಲಿ. ಆಮೇಲೆ ಇನ್ನೊಮ್ಮೆ ಕಳಿಸಿ, ಬಂದ ದಿನವೇ ಓದುತ್ತೇನೆ.