ಚಿಟಪಟ ಸದ್ದು: ರೆಕಾರ್ಡಿನ ದೋಷವೋ, ಸಂಗೀತದ ಭಾಗವೋ?

ಪ್ರಶ್ನೆ: ಬರ್ಲಿನ್‌ನಿಂದ ತರಿಸಿದ ಹೊಸ ಡಬ್ ಟೆಕ್ನೋ ರೆಕಾರ್ಡ್‌ನಲ್ಲಿ ಉದ್ದಕ್ಕೂ ‘ಸುಯ್’ ಎನ್ನುವ ಸದ್ದು, ನಡುನಡುವೆ ಚಿಟಪಟ. ವಾಪಸ್ ಕಳಿಸಬೇಕೇ?
— ಓದುಗರು, ಮೈಸೂರು

ಉತ್ತರ: ಸ್ವಲ್ಪ ತಡೆಯಿರಿ. ಡಬ್ ಟೆಕ್ನೋ ಎಂದರೆ ಎಕೋ (ಪ್ರತಿಧ್ವನಿ) ತುಂಬಿದ ಎಲೆಕ್ಟ್ರಾನಿಕ್ ಸಂಗೀತ; ಅದರಲ್ಲಿ ಆ ಸದ್ದನ್ನು ಬೇಕೆಂದೇ ಉಳಿಸಿಕೊಳ್ಳುತ್ತಾರೆ. 1993ರಲ್ಲಿ ಬರ್ಲಿನ್‌ನಲ್ಲಿ ಮೊರಿಟ್ಜ್ ಫಾನ್ ಓಸ್ವಾಲ್ಡ್ ಮತ್ತು ಮಾರ್ಕ್ ಎರ್ನೆಸ್ಟಸ್ ‘ಬೇಸಿಕ್ ಚಾನೆಲ್’ ಎಂಬ ರೆಕಾರ್ಡ್ ಕಂಪನಿ ಶುರುಮಾಡಿದ ಕಾಲದಿಂದಲೂ ಅದು ಈ ಶೈಲಿಯ ಗುರುತು. ‘ಪೋಲ್’ ಹೆಸರಿನಲ್ಲಿ ಸಂಗೀತ ಮಾಡುವ ಸ್ಟೆಫಾನ್ ಬೆಟ್ಕೆ ಅವರಂತೂ ಬಿದ್ದು ಕೆಟ್ಟ ವಾಲ್ಡೋರ್ಫ್ 4-ಪೋಲ್ ಫಿಲ್ಟರ್‌ನ (ಧ್ವನಿ ಸೋಸುವ ಉಪಕರಣ) ಚಿಟಪಟವನ್ನೇ ತಾಳ ಮಾಡಿಕೊಂಡರು. ‘ಪೋಲ್’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ.

ಗುರುತಿಸುವ ದಾರಿ ಇದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ರೆಕಾರ್ಡ್ ಒಂದು ಸುತ್ತು ಬರಲು 1.8 ಸೆಕೆಂಡ್ ಬೇಕು, 45ರಲ್ಲಿ ಸುಮಾರು 1.33. ‘ಟಕ್’ ಎನ್ನುವ ಸದ್ದು ಸರಿಯಾಗಿ ಅಷ್ಟಷ್ಟಕ್ಕೇ ಮರಳಿ ಬಂದರೆ ಅದು ಗೀರು. ಡಬ್ ಟೆಕ್ನೋದ ತಾಳ ಸಾಮಾನ್ಯವಾಗಿ ನಿಮಿಷಕ್ಕೆ 115ರಿಂದ 128 ಪೆಟ್ಟು. ಗೀರಿನ ಟಕ್ ಅದಕ್ಕೆ ಹೊಂದದೆ ಹಿಂದೆ ಮುಂದೆ ಸರಿಯುತ್ತಾ ಹೋಗುತ್ತದೆ. ಸಂಗೀತದೊಳಗಿನ ಚಿಟಪಟವಾದರೆ ಎಕೋ ಜೊತೆಗೇ ಏರಿಳಿಯುತ್ತದೆ. ಸಂಗೀತ ಶುರುವಾಗುವ ಮುಂಚಿನ ಖಾಲಿ ಗ್ರೂವ್ (ಸೂಜಿ ಓಡುವ ಗೆರೆ) ಅನ್ನೂ ಕೇಳಿ: ‘ಸುಯ್’ ಸಂಗೀತದೊಂದಿಗೇ ಹುಟ್ಟಿದರೆ ನಿಶ್ಚಿಂತೆಯಿಂದಿರಿ. ಕಾರ್ಬನ್ ಫೈಬರ್ ಬ್ರಷ್‌ನಿಂದ ಒರೆಸಿದ ಮೇಲೆ ಚಿಟಪಟ ಕಡಿಮೆಯಾದರೆ ಅದು ಧೂಳು, ಸ್ಥಾಯಿ ವಿದ್ಯುತ್ತು. ಹೊಸ ರೆಕಾರ್ಡ್‌ಗೂ ಕಾಗದದ ಒಳಕವರಿನ ನಾರು ಅಂಟಿರುತ್ತದೆ.

ಪ್ರಶ್ನೆ: ವಾಲ್ಯೂಮ್ ಏರಿಸಿದರೆ ಬಾಸ್ ಬರುವಲ್ಲಿ ‘ಗುಂಯ್’ ಎಂದು ತುಂಬಿಕೊಳ್ಳುತ್ತದೆ, ಸೂಜಿ ಹಾರುತ್ತದೆ. ಸೂಜಿಯ ಭಾರ ಹೆಚ್ಚಿಸಲೇ?
— ಓದುಗರು, ಬೆಂಗಳೂರು

ಉತ್ತರ: ಮೊದಲು ಇದನ್ನು ಮಾಡಿ ನೋಡಿ. ವಾಲ್ಯೂಮ್ ಪೂರ್ತಿ ಇಳಿಸಿ, ರೆಕಾರ್ಡ್ ತಿರುಗಿಸದೆ ಸೂಜಿ ಇಟ್ಟು, ನಿಧಾನವಾಗಿ ವಾಲ್ಯೂಮ್ ಏರಿಸುತ್ತಾ ಮೇಜನ್ನು ಬೆರಳಿನಿಂದ ತಟ್ಟಿ. ಸ್ಪೀಕರ್‌ನಲ್ಲಿ ‘ಧಬ್’ ಎಂದು ಕೇಳಿ ಗುಂಯ್ ಬೆಳೆಯತೊಡಗಿದರೆ ಕಾರಣ ಫೀಡ್‌ಬ್ಯಾಕ್: ಸ್ಪೀಕರ್‌ನ ನಡುಕ ಮೇಜಿನ ಮೂಲಕ ಸೂಜಿಗೆ ಮರಳಿ, ಮತ್ತೆ ಸ್ಪೀಕರ್‌ನಲ್ಲಿ ದೊಡ್ಡದಾಗುತ್ತದೆ. ಆ ಕ್ಷಣವೇ ವಾಲ್ಯೂಮ್ ಇಳಿಸಿ. ರೆಕಾರ್ಡ್ ಕೆತ್ತುವಾಗ ಬಾಸ್ ತಗ್ಗಿಸಿರುತ್ತಾರೆ, ಫೋನೋ ಪ್ರಿಆಂಪ್ (ಸೂಜಿಯ ಸಣ್ಣ ಸಂಕೇತವನ್ನು ಹಿಗ್ಗಿಸುವ ಉಪಕರಣ) ಅದನ್ನು ಮತ್ತೆ ಎತ್ತುತ್ತದೆ: 20 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್, ಅಂದರೆ ಒಂಬತ್ತು ಪಟ್ಟು. ಮೇಜಿನ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗುತ್ತದೆ. ಸ್ಪೀಕರ್ ಇರುವ ಮೇಜಿನ ಮೇಲೆ ಟರ್ನ್‌ಟೇಬಲ್ ಇಡಲೇಬಾರದು. ಗಟ್ಟಿ ಗೋಡೆಗೆ ಹೊಡೆದ ಶೆಲ್ಫ್ ಎಲ್ಲಕ್ಕಿಂತ ಒಳ್ಳೆಯದು. ಅದು ಆಗದಿದ್ದರೆ ದಪ್ಪ ರಬ್ಬರ್ ತುಂಡುಗಳ ಮೇಲೊಂದು ಕಡಪ ಕಲ್ಲು ಹಾಕಿ, ಅದರ ಮೇಲಿಡಿ. ಪ್ರಿಆಂಪ್‌ನಲ್ಲಿ ಕಿವಿಗೆ ಕೇಳದಷ್ಟು ತಗ್ಗಿನ ನಡುಕ ತಡೆಯುವ ಸಬ್‌ಸಾನಿಕ್ ಫಿಲ್ಟರ್ ಇದ್ದರೆ ಅದರ ಗುಂಡಿ ಒತ್ತಿ.

ಸೂಜಿಯ ಭಾರ ಕಾರ್ಟ್ರಿಜ್ (ಸೂಜಿ ಇರುವ ಪುಟ್ಟ ಘಟಕ) ತಯಾರಕರು ಹೇಳಿದಷ್ಟೇ ಇರಲಿ: ಆರ್ಟೊಫೋನ್ 2ಎಂ ರೆಡ್‌ಗೆ 1.8 ಗ್ರಾಂ, ಆಡಿಯೋ-ಟೆಕ್ನಿಕಾ ವಿಎಂ95ಇಗೆ 2 ಗ್ರಾಂ. ನೂರಿನ್ನೂರು ಮಿಲಿಗ್ರಾಂಗಿಂತ ಸಣ್ಣ ವ್ಯತ್ಯಾಸ ತೋರಿಸದ ಪುಟ್ಟ ತಕ್ಕಡಿ ಇದಕ್ಕೆ ಸಾಲದು, 0.01 ಗ್ರಾಂ ವ್ಯತ್ಯಾಸವನ್ನೂ ತೋರಿಸುವುದನ್ನೇ ಕೊಳ್ಳಿ. ದಯವಿಟ್ಟು ಹೆಡ್‌ಶೆಲ್ (ಕಾರ್ಟ್ರಿಜ್ ಕೂರುವ ತೋಳಿನ ತುದಿ) ಮೇಲೆ ನಾಣ್ಯ ಇಡಬೇಡಿ.

ಪ್ರಶ್ನೆ: ರೀಮಿಕ್ಸ್ ರೆಕಾರ್ಡಿನ ಲೇಬಲ್ ಮೇಲೆ ವೇಗ ಬರೆದಿಲ್ಲ. 33 ಅಥವಾ 45?
— ಓದುಗರು, ಧಾರವಾಡ

ಉತ್ತರ: ಪೆಟ್ಟು ಎಣಿಸಿ. 45ಕ್ಕೆ ಕೆತ್ತಿದ 124 ಪೆಟ್ಟಿನ ರೆಕಾರ್ಡ್ 33⅓ರಲ್ಲಿ ಸುಮಾರು 92ಕ್ಕೆ ಇಳಿಯುತ್ತದೆ; ‘ಚಿಸ್’ ಎನ್ನಬೇಕಾದ ಹೈ-ಹ್ಯಾಟ್ (ಡ್ರಮ್ಸ್‌ನ ಜೋಡಿ ತಟ್ಟೆ) ‘ಶ್ಶಾ’ ಎಂದು ಎಳೆಯುತ್ತದೆ. ತಾಳವೇ ಇಲ್ಲದ ರೀಮಿಕ್ಸ್ ಆದರೆ ಕಿವಿ ಮೋಸಹೋಗಬಹುದು. ಆಗ ರೆಕಾರ್ಡ್ ಕಂಪನಿಯವರು ಕೊಟ್ಟ ಡಿಜಿಟಲ್ ಆವೃತ್ತಿಯ ಅವಧಿಯನ್ನು ಗಡಿಯಾರ ಹಿಡಿದು ಹೋಲಿಸಿ.