ನಕ್ಕವರು ಏಳು ಜನ

ನಾನು ಆಪ್ತಸಮಾಲೋಚಕಿ. ಇದು ನನ್ನ ಹತ್ತಿರ ಬಂದ ಒಬ್ಬರ ಕಥೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.

36 ವರ್ಷದ ಹೆಣ್ಣುಮಗಳು, ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಮೊದಲ ದಿನ ಕೂತವರೇ ನೀಲಿ ಫೈಲೊಂದನ್ನು ನನ್ನ ಮುಂದೆ ಬಿಚ್ಚಿದರು. ಮೇಲಿನ ಹಾಳೆಯಲ್ಲಿ ಮೀಟಿಂಗ್ ಕೋಣೆಯ ಚಿತ್ರ. ಪೆನ್ಸಿಲ್ಲಿನಲ್ಲಿ ಬರೆದ ಮೇಜು, ಸುತ್ತ 23 ಕುರ್ಚಿ, ಕುರ್ಚಿಗೊಂದು ಹೆಸರು. ಏಳು ಹೆಸರುಗಳ ಪಕ್ಕ ಕೆಂಪು ಶಾಯಿಯ ಚುಕ್ಕೆ.

“ಇವರು ನಕ್ಕವರು, ಮೇಡಂ.”

ನಡೆದದ್ದು ಇಷ್ಟು. ಅವರು ಮಾಡಿದ ವರದಿಯಲ್ಲಿ ತಪ್ಪುಗಳಿದ್ದವು, ಅದನ್ನು ಅವರೂ ಒಪ್ಪುತ್ತಾರೆ. ಮೇಲಧಿಕಾರಿ ಎಲ್ಲರೆದುರು ಅವರನ್ನು ನಿಲ್ಲಿಸಿ ವರದಿ ಓದಿಸಿದರು. ಹೆದರಿದಾಗ ಇವರ ದನಿ ನಡುಗುತ್ತದೆ. ಒಂದೊಂದು ತಪ್ಪು ಬಂದಾಗಲೂ ಆತ ಅದೇ ನಡುಗುವ ದನಿಯಲ್ಲಿ ಆ ಸಾಲನ್ನು ಮತ್ತೆ ಹೇಳಿದರಂತೆ. ನಾಲ್ಕೈದು ನಿಮಿಷ ಅಷ್ಟೇ. ಅದಾಗಿ ನಾಲ್ಕು ತಿಂಗಳಾದರೂ ರಾತ್ರಿ ಮೂರಕ್ಕೆ ಎಚ್ಚರ. ಲಿಫ್ಟಿನಲ್ಲಿ ಯಾರೋ ನಕ್ಕರೆ ತನ್ನನ್ನು ನೋಡಿಯೇ ನಕ್ಕರು ಅನಿಸುತ್ತದೆ. ಆ ಕೋಣೆಯ ಬಾಗಿಲು ಕಂಡರೆ ಕೈ ಬೆವರುತ್ತದೆ.

“ಮಾನಸಿಕ ಯಾತನೆ ಅಂತ ಕೇಸ್ ಹಾಕಬಹುದಾ? ಹಾಕಿದ್ರೆ ನಿಲ್ಲುತ್ತಾ?”

ನಾನು ವಕೀಲೆ ಅಲ್ಲ. ಆದರೆ ಈ ಪ್ರಶ್ನೆ ತಂದವರಲ್ಲಿ ಇವರು ಮೊದಲಿನವರೂ ಅಲ್ಲ. ಹಾಗಾಗಿ ಒಂದಿಷ್ಟು ಓದಿಕೊಂಡಿದ್ದೇನೆ. 1897ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ತಮಾಷೆಗೆಂದು ಒಬ್ಬ ಹೆಂಗಸಿಗೆ ಸುಳ್ಳು ಹೇಳಿದ: ನಿನ್ನ ಗಂಡನಿಗೆ ಅಪಘಾತವಾಗಿ ಎರಡೂ ಕಾಲು ಮುರಿದಿದೆ. ಆಕೆ ಆ ಆಘಾತಕ್ಕೆ ವಾರಗಟ್ಟಲೆ ಕಾಯಿಲೆ ಬಿದ್ದಳು. ವಿಲ್ಕಿನ್ಸನ್ ವಿರುದ್ಧ ಡೌನ್‌ಟನ್ ಅನ್ನೋ ಆ ಕೇಸಿನಲ್ಲಿ ಕೋರ್ಟು ಅವಳಿಗೆ 100 ಪೌಂಡ್ ಕೊಡಿಸಿತು. ಮೈಮುಟ್ಟದೆಯೂ, ಬರೀ ಮಾತಿನಿಂದ ಮಾಡಿದ ಗಾಯಕ್ಕೆ ಪರಿಹಾರ ಇದೆ ಅಂತಾದ್ದು ಹಾಗೆ.

ಆದರೆ ದಾರಿ ಇಕ್ಕಟ್ಟಿನದು. ಅಮೆರಿಕದ ಮೇರಿಲ್ಯಾಂಡಿನ 1977ರ ಹ್ಯಾರಿಸ್ ವಿರುದ್ಧ ಜೋನ್ಸ್ ಕೇಸು ಇವರ ಕಥೆಗೆ ತುಂಬಾ ಹತ್ತಿರ. ಉಗ್ಗುವ ಕೆಲಸಗಾರ ಒಬ್ಬ. ಅವನ ಮೇಲ್ವಿಚಾರಕ ಐದು ತಿಂಗಳಲ್ಲಿ 30ಕ್ಕೂ ಹೆಚ್ಚು ಸಲ ಆ ಉಗ್ಗನ್ನು ಅಣಕಿಸಿದ. ಕೆಳಗಿನ ಕೋರ್ಟಿನಲ್ಲಿ ಜ್ಯೂರಿ ಪರಿಹಾರ ಕೊಟ್ಟಿತು. ಮೇಲಿನ ಕೋರ್ಟು ಅದನ್ನು ತೆಗೆದುಹಾಕಿತು. ನಡೆದದ್ದು ಸರಿ ಅಂತಲ್ಲ. ಅವನಿಗೆ ಆದ ಯಾತನೆ ‘ತೀವ್ರ’ವಾದದ್ದು ಅಂತ ಸಾಬೀತಾಗಿಲ್ಲ ಅಂತ.

ಇದನ್ನು ಕೇಳಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅಂದ್ರೆ ನಾನು ಇನ್ನೂ ಜಾಸ್ತಿ ಮುರೀಬೇಕಿತ್ತಾ?” ಅಂದರು.

ನನ್ನ ತಕರಾರೂ ಅದೇ. ಕೋರ್ಟಿಗೆ ನೀವು ಎಷ್ಟು ಕುಸಿದಿದ್ದೀರಿ ಅಂತ ತೋರಿಸಬೇಕು. ನನ್ನ ಹತ್ತಿರ ನೀವು ಬರೋದು ಎದ್ದು ನಿಲ್ಲೋಕೆ. ಎರಡೂ ಒಟ್ಟಿಗೆ ನಡೆದರೆ, ಚೆನ್ನಾಗಿ ನಿದ್ದೆ ಬಂದ ದಿನವೂ ‘ಅಯ್ಯೋ, ಕೇಸು ಹಾಳಾಯ್ತಾ’ ಅಂತ ಭಯ ಶುರುವಾಗುತ್ತದೆ. ಇದನ್ನು ಕಣ್ಣಾರೆ ಕಂಡಿದ್ದೇನೆ.

ಅವಮಾನ ಸಣ್ಣ ವಿಷಯ ಅಂತಲ್ಲ. ಮನೋವೈದ್ಯ ಕೆಂಡ್ಲರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಷ್ಟದ ಜೊತೆ ಅವಮಾನವೂ ಸೇರಿದ ಘಟನೆಗಳ ನಂತರ ಖಿನ್ನತೆ ಶುರುವಾಗುವ ಸಾಧ್ಯತೆ ಬರೀ ನಷ್ಟಕ್ಕಿಂತ ಜಾಸ್ತಿ ಅಂತ ಕಂಡುಬಂತು. ಹಾಗಾದರೆ ಸಾರ್ವಜನಿಕ ಅವಮಾನ ಕೇಸಿಗೆ ಕಾರಣ ಆಗಬೇಕಾ? ಆಗಬೇಕು ಅನ್ನುತ್ತೇನೆ. ಆದರೆ ಎಲ್ಲ ಅವಮಾನವೂ ಅಲ್ಲ. ಕೈಯಲ್ಲಿ ಅಧಿಕಾರ ಇರುವವರು, ಎದುರಿನವರ ಕುಂದು ಗೊತ್ತಿದ್ದೇ, ಎದ್ದು ಹೋಗಲಾಗದ ಜಾಗದಲ್ಲಿ ಅದನ್ನೇ ಹಿಡಿದು ಆಡಿದರೆ ಹೌದು. ದೊಡ್ಡವರನ್ನು ಗೇಲಿ ಮಾಡಿದ್ದಕ್ಕೂ ಯಾತನೆಯ ಕೇಸು ಅಂದರೆ ವ್ಯಂಗ್ಯಚಿತ್ರಕಾರರ ಗತಿ ಏನು? ತನ್ನನ್ನು ಗೇಲಿ ಮಾಡಿದ ಪತ್ರಿಕೆಯೊಂದರ ಮೇಲೆ ಧರ್ಮಬೋಧಕ ಜೆರ್ರಿ ಫಾಲ್ವೆಲ್ ಹಾಕಿದ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1988ರಲ್ಲಿ ಪತ್ರಿಕೆಯ ಪರ ನಿಂತದ್ದು ಇದೇ ಕಾರಣಕ್ಕೆ. ನನ್ನ ಎದುರು ಕೂತಿದ್ದವರು ಮಾತ್ರ ಯಾವ ದೊಡ್ಡವರೂ ಅಲ್ಲ.

ಹೇಳಿದ ಸಲಹೆಗೆ ಬರುತ್ತೇನೆ. ಮೊದಲನೆಯದು, ಈ ವಾರವೇ ವಕೀಲರನ್ನು ಕಂಡು ‘ಕಡೇ ದಿನ ಯಾವುದು’ ಅಂತ ಕೇಳಿ. ಸುಧಾರಿಸಿಕೊಂಡು ಹೋಗೋಣ ಅಂತ ಕಾದವರ ಗಡುವು ಮುಗಿದೇ ಹೋಗಬಹುದು. ಇಂಗ್ಲೆಂಡಿನಲ್ಲಿ ಮಾನಹಾನಿ ಕೇಸಿಗೆ ಇರೋದು ಒಂದೇ ವರ್ಷ. ಇನ್ನೊಂದು ಮಾತನ್ನೂ ಮುಚ್ಚಿಡಲಿಲ್ಲ. ನಿಮ್ಮ ಮನಸ್ಸೇ ವಾದದ ವಿಷಯ ಆದ ಮೇಲೆ, ನಾನು ಇಲ್ಲಿ ಬರೆದುಕೊಳ್ಳುವ ಟಿಪ್ಪಣಿಗಳನ್ನೂ ಎದುರು ಪಕ್ಷ ಕೇಳಬಹುದು. ಅದೇ ನಾಲ್ಕು ನಿಮಿಷವನ್ನು ಅಪರಿಚಿತರ ಮುಂದೆ ಮತ್ತೆ ಮತ್ತೆ ಹೇಳಬೇಕಾಗಬಹುದು, ಅದೇ ನಡುಗುವ ದನಿಯಲ್ಲಿ. ಆಗುತ್ತಾ ಅಂತ ಯೋಚಿಸಿ ಅಂದೆ.

ಫೈಲು ಬೇಡ ಅನ್ನಲಿಲ್ಲ. ನಡೆದದ್ದನ್ನು ತಾರೀಖು ಸಮೇತ ಒಮ್ಮೆ ಪೂರ್ತಿ ಬರೆದಿಡಿ, ಆಮೇಲೆ ದಿನಾ ರಾತ್ರಿ ತೆಗೆಯಬೇಡಿ ಅಂದೆ. ಅವರು ದಿನಾ ತೆಗೆಯುತ್ತಿದ್ದರು.

ನಿಮಗೆ ಏನು ಸಿಕ್ಕರೆ ಸಾಕು ಅಂತ ಕೇಳಿದಾಗ ದುಡ್ಡಿನ ಮಾತೇ ಬರಲಿಲ್ಲ. “ಅದೇ ಕೋಣೆ, ಅದೇ ಜನ. ಅವರೆದುರು ತಪ್ಪಾಯ್ತು ಅನ್ನಬೇಕು.” ಯಾತನೆಯ ಕೇಸಿನಲ್ಲಿ ಗೆದ್ದರೂ ಸಾಮಾನ್ಯವಾಗಿ ಸಿಗೋದು ಹಣ, ಕ್ಷಮೆ ಅಲ್ಲ. ಹಾಗಾಗಿ ಕೇಸಿಗೆ ಮೊದಲು ಕಚೇರಿಗೇ ಲಿಖಿತ ದೂರು ಕೊಡಿ, ಬೇಕಿರುವುದನ್ನು ಇದೇ ಮಾತಿನಲ್ಲಿ ಬರೆಯಿರಿ, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ ಅಂದೆ. ಮುಂದೆ ಕೇಸು ಹಾಕಿದರೂ ಆ ಹಾಳೆ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವಿಷಯ ನಾಲ್ಕನೇ ಭೇಟಿಯಲ್ಲಿ ಹೊರಬಂತು. ಒಂದು ಕೆಂಪು ಚುಕ್ಕೆಯ ಸುತ್ತ ಗಟ್ಟಿಯಾಗಿ ಗೆರೆ ಎಳೆದಿದ್ದರು, ಹಾಳೆ ತೂತಾಗುವಷ್ಟು. ಅದು ಎಂಟು ವರ್ಷದ ಗೆಳತಿಯ ಹೆಸರು. ಮೇಲಧಿಕಾರಿಯ ಅಣಕಕ್ಕಿಂತ ಅವಳ ನಗು ಕಿವಿಯಲ್ಲಿ ಜಾಸ್ತಿ ಉಳಿದಿತ್ತು. ಇದಕ್ಕೆ ಯಾವ ಕೋರ್ಟೂ ಇಲ್ಲ, ಅವಳನ್ನೇ ಕೇಳಬೇಕು ಅಂದೆ. ಎರಡು ವಾರ ಮುಂದೂಡಿ ಕೊನೆಗೆ ಕೇಳಿದರು. “ನಗದೇ ಇದ್ರೆ ಮುಂದಿನ ಸಲ ನಾನೇ ಅಂತ ಹೆದರಿಕೆ ಆಯ್ತು ಕಣೇ” ಅಂದಳಂತೆ ಗೆಳತಿ. ಇವರು ಕ್ಷಮಿಸಿಲ್ಲ. ಆದರೆ ಆ ರಾತ್ರಿ ಬೆಳಗಿನವರೆಗೆ ನಿದ್ದೆ ಬಂತಂತೆ.

ದೂರಿಗೆ ಉತ್ತರವಾಗಿ ಮೇಲಧಿಕಾರಿಯಿಂದ ಎರಡು ಸಾಲಿನ ಮೇಲ್ ಬಂದಿದೆ, ಇವರೊಬ್ಬರಿಗೆ ಮಾತ್ರ. “23 ಜನರ ಮುಂದೆ ಮಾಡಿದ್ದು, ಒಬ್ಬಳಿಗೆ ಮೇಲಾ?” ಅಂದರು. ದನಿ ನಡುಗುತ್ತಿತ್ತು, ಈ ಸಲ ಸಿಟ್ಟಿಗೆ. ಮುಂದಿನ ಮಂಗಳವಾರ ವಕೀಲರನ್ನು ನೋಡುತ್ತಿದ್ದಾರೆ. ಕೋಣೆಯ ಚಿತ್ರ ಈಗಲೂ ಫೈಲಿನಲ್ಲೇ ಇದೆ. ಕೆಂಪು ಶಾಯಿ ಅಳಿಸೋಕೆ ಬರಲ್ಲ ಅಲ್ವಾ, ಗೆಳತಿಯ ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ‘ಮಾತಾಡಿದೆ’ ಅಂತ ಬರೆದುಕೊಂಡಿದ್ದಾರೆ.