ಮನೆಯಿಂದ ಮಾಡುವ ಸಾಫ್ಟ್‌ವೇರ್ ಇಂಟರ್ನ್‌ಶಿಪ್‌ನಲ್ಲಿ ನಿಜವಾಗಿ ಬೆಳೆಯೋಕಾಗುತ್ತಾ?

ನೀವು ಕೇಳಿರುವುದು ಇಷ್ಟು: ಹಾಸನದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೀರಿ, ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ, ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ, ಆದರೆ ಪೂರ್ತಿ ರಿಮೋಟ್. ಆಫೀಸಿಗೆ ಹೋಗುವ ಗೆಳೆಯರಷ್ಟು ಕಲಿಯೋಕಾಗುತ್ತಾ, ಇಲ್ಲ ಕೊನೆಗೆ ಸರ್ಟಿಫಿಕೇಟ್ ಒಂದೇ ಉಳಿಯುತ್ತಾ?

ಕಲಿಯಬಹುದು, ಚೆನ್ನಾಗಿಯೇ ಕಲಿಯಬಹುದು. ಆದರೆ ನೀವು ಬರೆದ ಕೋಡನ್ನು ಮನಸ್ಸಿಟ್ಟು ಓದುವವರು ಆ ಕಡೆ ಒಬ್ಬರಾದರೂ ಇರಬೇಕು. ಅವರಿದ್ದರೆ ದೂರ ಅಷ್ಟಾಗಿ ಕಾಡುವುದಿಲ್ಲ. ಅವರಿಲ್ಲದಿದ್ದರೆ ಆಫೀಸಿನಲ್ಲೇ ಕುರ್ಚಿ, ಐಡಿ ಕಾರ್ಡು ಕೊಟ್ಟು ಕೂರಿಸಿದರೂ ಹೆಚ್ಚೇನೂ ಆಗುವುದಿಲ್ಲ.

ನಾನು ಬೆಂಗಳೂರಿನ ವಿಜಯನಗರದವಳು. ಎಂಟನೇ ಸೆಮಿಸ್ಟರ್‌ನಲ್ಲಿ, ಜನವರಿಯಿಂದ ಜೂನ್‌ವರೆಗೆ, ಮನೆಯ ಹಿಂದಿನ ರೂಮಿನಲ್ಲಿ ಕೂತು ಇಂಟರ್ನ್‌ಶಿಪ್ ಮುಗಿಸಿದೆ. ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ಲೆಕ್ಕದ ಆ್ಯಪ್ ಮಾಡುವ ಚಿಕ್ಕ ಕಂಪನಿ ಅದು. ಗ್ರಾಹಕರ ದೂರು ನೋಡಿಕೊಳ್ಳುವವರು ಇಲ್ಲೇ ಇದ್ದರು, ಕೋಡ್ ಬರೆಯುವವರು ಹೆಚ್ಚಿನವರು ಬರ್ಲಿನ್‌ನಲ್ಲಿ. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅವರು ಒಂಬತ್ತಕ್ಕೆ ಲ್ಯಾಪ್‌ಟಾಪ್ ತೆರೆದರೆ ಇಲ್ಲಿ ಮಧ್ಯಾಹ್ನ ಒಂದೂವರೆ, ಊಟ ಆಗಿರುತ್ತದೆ. ಮಾರ್ಚ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಯಿತು, ಅಲ್ಲಿಂದಾಚೆ ಹನ್ನೆರಡೂವರೆ. ಏನೇ ಆದರೂ ಬೆಳಗ್ಗೆ ಪೂರ್ತಿ ಕೇಳೋಣವೆಂದರೆ ಯಾರೂ ಇಲ್ಲ. ಮೊದಮೊದಲು ಆ ಹೊತ್ತು ಬಹಳ ಭಾರವಾಗಿತ್ತು. ಈಗ ಯೋಚಿಸಿದರೆ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಕಲಿತದ್ದು ಆ ಹೊತ್ತಿನಲ್ಲೇ.

ಒಂದು ಕೆಲಸದ ಕಥೆ ಹೇಳುತ್ತೇನೆ, ಅದರಲ್ಲೇ ನಿಮ್ಮ ಪ್ರಶ್ನೆಗೆ ಬೇಕಾದ್ದೆಲ್ಲ ಇದೆ.

ಕೆಲವು ಅಂಗಡಿಗಳಿಂದ ಒಂದೇ ದೂರು ಮತ್ತೆ ಮತ್ತೆ ಬರುತ್ತಿತ್ತು: "ದಿನದ ಲೆಕ್ಕ ತಾಳೆ ಆಗ್ತಿಲ್ಲ." ಸಪೋರ್ಟ್‌ನವರು ನೋಡಿದಾಗಲೆಲ್ಲ ತಿಂಗಳ ಮೊತ್ತ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತಿತ್ತು. ಹಾಗಾಗಿ ಅಂಗಡಿಯವರೇ ಎಲ್ಲೋ ಬಿಲ್ಲು ಬಿಟ್ಟಿರಬೇಕು ಅಂದುಕೊಂಡು ಟಿಕೆಟ್ (ದೂರಿನ ದಾಖಲೆ) ಮುಚ್ಚುತ್ತಿದ್ದರು. ಹಳೆಯ ಟಿಕೆಟ್‌ಗಳನ್ನು ಓದಿ ಒಂದು ಪಟ್ಟಿ ಮಾಡು ಎಂದು ಆ ಕೆಲಸ ನನಗೆ ಬಂತು. ಇಂಟರ್ನ್‌ಗೆ ಕೊಡುವಂಥ ಕೆಲಸವೇ. ಕೂತು ಓದಿದೆ. ದೂರು ಕೊಟ್ಟವರಲ್ಲಿ ಬಟ್ಟೆ ಅಂಗಡಿ ಇಲ್ಲ, ಸ್ಟೇಷನರಿ ಇಲ್ಲ, ಮೊಬೈಲ್ ಅಂಗಡಿ ಇಲ್ಲ. ಇದ್ದದ್ದು ಹಾಲಿನ ಬೂತ್‌ಗಳು, ಜೊತೆಗೆ ಕೆ.ಆರ್. ಮಾರ್ಕೆಟ್‌ನ ಹೂವಿನ ವ್ಯಾಪಾರಿಗಳು.

ಬೆಂಗಳೂರಿನಲ್ಲಿ ಬೆಳೆದವರಿಗೆ ಈ ಎರಡು ಹೆಸರು ಒಟ್ಟಿಗೆ ಕಂಡರೆ ಸಾಕು, ಏನೋ ಹೊಳೆಯುತ್ತದೆ. ಮಾರ್ಕೆಟ್‌ನಲ್ಲಿ ಹೂವಿನ ವ್ಯಾಪಾರ ಜೋರಾಗಿ ನಡೆಯುವುದು ಬೆಳಕು ಹರಿಯುವ ಮುಂಚೆ. ಹಾಲಿನದ್ದೂ ಅದೇ. ಖಾತ್ರಿ ಮಾಡಿಕೊಳ್ಳೋಣವೆಂದು ನಮ್ಮ ಬೀದಿಯ ಬೂತ್ ಅಂಕಲ್‌ನ ಕೇಳಿದೆ.

"ಅಂಕಲ್, ಬೆಳಗ್ಗೆ ಎಷ್ಟೊತ್ತಿಗೆ ವ್ಯಾಪಾರ ಶುರು ನಿಮ್ದು?"

"ಐದಕ್ಕೆಲ್ಲ ಗಾಡಿ ಬಂದಿರುತ್ತೆ ಕಣಮ್ಮ. ಹೋಟ್ಲೋರು, ವಾಕಿಂಗ್ ಹೋಗೋರು ಎಲ್ಲ ಆಗ್ಲೇ ತಗೊಂಡ್ ಹೋಗ್ಬಿಡ್ತಾರೆ. ನೀನು ಏಳೋ ಹೊತ್ತಿಗೆ ಅರ್ಧ ಕ್ರೇಟ್ ಖಾಲಿ."

ಮನೆಗೆ ಬಂದು ಟೆಸ್ಟ್ ಸರ್ವರ್‌ನಲ್ಲಿ ಎರಡೇ ಬಿಲ್ಲು ಹಾಕಿದೆ, ಒಂದು ಬೆಳಗ್ಗೆ 5:29ಕ್ಕೆ, ಇನ್ನೊಂದು 5:30ಕ್ಕೆ. ಮೊದಲನೆಯದು ಹಿಂದಿನ ದಿನದ ಲೆಕ್ಕಕ್ಕೆ ಹೋಗಿ ಕೂತಿತು, ಎರಡನೆಯದು ಆ ದಿನದ್ದಕ್ಕೆ. ವಿಷಯ ಇಷ್ಟೇ. ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯಕ್ಕೆ ಯುಟಿಸಿ ಎನ್ನುತ್ತಾರೆ, ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬಿಲ್ಲಿನ ಸಮಯವನ್ನು ಯುಟಿಸಿಯಲ್ಲಿ ಉಳಿಸಿಡುವುದು ಸರಿಯಾದ ಕ್ರಮವೇ, ಅದರಲ್ಲಿ ತಪ್ಪಿಲ್ಲ. ಆದರೆ ವರದಿ ತಯಾರಿಸುವ ಕೋಡು ದಿನವನ್ನೂ ಯುಟಿಸಿಯ ನಡುರಾತ್ರಿಗೇ ಕತ್ತರಿಸುತ್ತಿತ್ತು. ಅಲ್ಲಿ ರಾತ್ರಿ ಹನ್ನೆರಡಾದಾಗ ನಮ್ಮಲ್ಲಿ ಬೆಳಗ್ಗೆ ಐದೂವರೆ. ಅದಕ್ಕೆ ಮುಂಚಿನ ವ್ಯಾಪಾರವೆಲ್ಲ ನಿನ್ನೆಯ ಖಾತೆಗೆ. ಇಂದಿನದು ನಿನ್ನೆಗೆ, ನಾಳೆಯದು ಇಂದಿಗೆ ಸರಿಯುವುದರಿಂದ ತಿಂಗಳ ಮೊತ್ತದಲ್ಲಿ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಒಂಬತ್ತಕ್ಕೆ ಬಾಗಿಲು ತೆರೆಯುವ ಅಂಗಡಿಗಂತೂ ಇದು ಯಾವತ್ತೂ ತಿಳಿಯುವುದೇ ಇಲ್ಲ. ಕೋಡನ್ನು ತಾನಾಗಿ ಪರೀಕ್ಷಿಸುವ ಟೆಸ್ಟ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ ಅಂತ ನೋಡಿದರೆ, ಅವುಗಳಲ್ಲಿದ್ದ ಬಿಲ್ಲುಗಳೆಲ್ಲ ಮಧ್ಯಾಹ್ನ ಹನ್ನೆರಡರವು.

ಆಗಿನ್ನೂ ಬೆಳಗ್ಗೆ ಹತ್ತು ಗಂಟೆ, ಬರ್ಲಿನ್‌ನಲ್ಲಿ ಎಲ್ಲರೂ ಮಲಗಿದ್ದರು. ಆಫೀಸಿನಲ್ಲಿದ್ದಿದ್ದರೆ ಪಕ್ಕದ ಸೀನಿಯರ್ ಹತ್ತಿರ ಓಡಿಹೋಗಿ ಬಾಯಲ್ಲೇ ಹೇಳಿಬಿಡುತ್ತಿದ್ದೆ, ಮುಂದಿನದನ್ನು ಅವರು ನೋಡಿಕೊಳ್ಳುತ್ತಿದ್ದರು. ಇಲ್ಲಿ ಬರೆಯಲೇಬೇಕಿತ್ತು. ಏನು ಆಗಬೇಕಿತ್ತು, ಏನು ಆಗುತ್ತಿದೆ, ಅದನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡುವುದು ಹೇಗೆ, ಸರಿಪಡಿಸಲು ಯಾವ ದಾರಿಗಳಿವೆ, ಒಂದೊಂದರಲ್ಲೂ ಏನು ತೊಡಕು. ಎಡಿಟರ್‌ನಲ್ಲಿದ್ದ ಎಐ ಸಹಾಯಕ ಎಲ್ಲ ಸಮಯಕ್ಕೂ ಐದೂವರೆ ಗಂಟೆ ಕೂಡಿಸು ಎಂದು ಕ್ಷಣದಲ್ಲಿ ಹೇಳಿತು. ನನಗೆ ಇನ್ನೊಂದು ದಾರಿಯೂ ಕಂಡಿತ್ತು: ಪ್ರತಿ ಅಂಗಡಿಯ ವಿವರದಲ್ಲಿ ಅದರ ಟೈಮ್ ಝೋನ್‌ನ ಹೆಸರನ್ನೇ ಇಟ್ಟು, ದಿನದ ಶುರು ಮತ್ತು ಕೊನೆಯನ್ನು ಅದರಿಂದ ಲೆಕ್ಕ ಹಾಕುವುದು. ಎರಡನ್ನೂ ಬರೆದು ಕಳಿಸಿದೆ.

ಮಧ್ಯಾಹ್ನ ನನ್ನ ಮೆಂಟರ್‌ನಿಂದ ಉತ್ತರ ಬಂತು. ಇದು ಸರಿ, ಅದು ಬೇಡ ಅಂತ ಏನೂ ಇರಲಿಲ್ಲ. ಎರಡು ಪ್ರಶ್ನೆಗಳು, ಅಷ್ಟೇ. ನಾಳೆ ಕಾಠ್ಮಂಡುವಿನ ಅಂಗಡಿಯೊಂದು ಸೇರಿದರೆ ಏನು ಮಾಡುತ್ತೀಯ? ಬರ್ಲಿನ್‌ನಲ್ಲಿ ಒಂದು ದಿನಕ್ಕೆ ಎಷ್ಟು ಗಂಟೆ?

ನೇಪಾಳದ ಸಮಯ ಯುಟಿಸಿಗಿಂತ ಐದೂಮುಕ್ಕಾಲು ಗಂಟೆ ಮುಂದೆ, ಐದೂವರೆ ಕೂಡಿಸಿದರೆ ಅಲ್ಲಿ ಮತ್ತೆ ಹದಿನೈದು ನಿಮಿಷದ ತಪ್ಪು. ಬರ್ಲಿನ್‌ನಲ್ಲಿ ಮಾರ್ಚ್ ಕೊನೆಯ ಭಾನುವಾರಕ್ಕೆ 23 ಗಂಟೆ, ಅಕ್ಟೋಬರ್ ಕೊನೆಯ ಭಾನುವಾರಕ್ಕೆ 25. ಅಂದರೆ 24 ಗಂಟೆ ಕೂಡಿಸಿದರೆ ನಾಳೆ ಬರುತ್ತದೆ ಎಂಬುದೂ ಎಲ್ಲ ಕಡೆ ನಿಜವಲ್ಲ. ನಮ್ಮಲ್ಲಿ ಗಡಿಯಾರ ಸರಿಸುವ ಪದ್ಧತಿ ಇಲ್ಲದ್ದರಿಂದ ಈ ಯೋಚನೆ ನಮ್ಮ ತಲೆಗೆ ಬರುವುದೇ ಕಡಿಮೆ. (ಎರಡನೇ ಮಹಾಯುದ್ಧದ ಕಾಲದಲ್ಲಿ ಭಾರತದ ಸಮಯವನ್ನೂ ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು ಎಂದು ಆವತ್ತು ಹುಡುಕುವಾಗ ತಿಳಿಯಿತು. ಝೋನ್‌ನ ಹೆಸರಿಟ್ಟುಕೊಂಡರೆ ಇಂಥ ಹಳೆಯ ಬದಲಾವಣೆಗಳೂ ಅದರೊಳಗೆ ಬರುತ್ತವೆ, ಬರೀ ಗಂಟೆಯ ವ್ಯತ್ಯಾಸ ಇಟ್ಟುಕೊಂಡರೆ ಬರುವುದಿಲ್ಲ.) ಉತ್ತರ ಬರೆಯುತ್ತಾ ಬರೆಯುತ್ತಾ ಯಾವ ದಾರಿ ಅನ್ನುವುದು ತಾನಾಗಿ ತೀರ್ಮಾನವಾಯಿತು. ನನ್ನ ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸಿಕೊಳ್ಳಿ ಎಂದು ಕಳಿಸಿದ ಪುಲ್ ರಿಕ್ವೆಸ್ಟ್ ಸೇರಿದ ಮೇಲೆ ಮುಚ್ಚಿಹೋಗಿದ್ದ ಟಿಕೆಟ್‌ಗಳನ್ನು ಸಪೋರ್ಟ್‌ನವರು ಮತ್ತೆ ತೆರೆದು, ಅಂಗಡಿಯವರಿಗೆ ಫೋನ್ ಮಾಡಿ, ತಪ್ಪು ನಿಮ್ಮದಲ್ಲ ಎಂದು ಹೇಳಿದರು. ನನಗೆ ಅವತ್ತು ಆದಷ್ಟು ಸಂತೋಷ ಕ್ಯಾಂಪಸ್ ಪ್ಲೇಸ್‌ಮೆಂಟ್ ಆದ ದಿನವೂ ಆಗಿಲ್ಲ.

ನಾನು ಬೆಳೆದದ್ದು ಎಲ್ಲಿ ಎಂದು ಕೇಳಿದರೆ ಬರವಣಿಗೆಯಲ್ಲಿ ಎನ್ನುತ್ತೇನೆ. ನಾಲ್ಕು ಗಂಟೆ ಆಚೆ ಇರುವ ಒಬ್ಬರು ನನ್ನನ್ನು ಏನೂ ಕೇಳದೆ ಕೆಲಸ ಮುಂದುವರಿಸುವ ಹಾಗೆ ವಿಷಯ ಬರೆದಿಡುವುದು. ಇದು ಯಾವ ಕಾಲೇಜಿನಲ್ಲೂ ಬರುವುದಿಲ್ಲ, ಮತ್ತು ರಿಮೋಟ್ ಕೆಲಸದಲ್ಲಿ ಇದರಿಂದ ತಪ್ಪಿಸಿಕೊಳ್ಳುವುದಕ್ಕೆ ಆಗುವುದಿಲ್ಲ.

ಇಲ್ಲಿಯೇ ನಿಮ್ಮ ಕನ್ನಡ ಮಾಧ್ಯಮದ ಅಳುಕಿಗೂ ಉತ್ತರವಿದೆ. ಮೀಟಿಂಗ್‌ನಲ್ಲಿ ಪಟಪಟ ಇಂಗ್ಲಿಷ್ ಮಾತಾಡುವವರ ಮುಂದೆ ನಮಗೆ ಗಂಟಲು ಕಟ್ಟುತ್ತದೆ, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಬರೆಯುವಾಗ ಸಮಯ ನಿಮ್ಮ ಕೈಯಲ್ಲಿರುತ್ತದೆ. ನಾನು ಸಮಸ್ಯೆಯನ್ನು ಮೊದಲು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಕನ್ನಡದಲ್ಲಿ ಬರೆಯುವಾಗ ನನಗೇ ಅರ್ಥವಾಗದ ಜಾಗ ತಟ್ಟನೆ ಸಿಕ್ಕಿಬೀಳುತ್ತಿತ್ತು. ಆಮೇಲೆ ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ವಾಕ್ಯ. ಬರ್ಲಿನ್‌ನವರಿಗೂ ಇಂಗ್ಲಿಷ್ ಮನೆಮಾತಲ್ಲ, ಅವರಿಗೂ ಚಿಕ್ಕ ವಾಕ್ಯವೇ ಇಷ್ಟ. ನನ್ನ ವ್ಯಾಕರಣದ ಬಗ್ಗೆ ಅಲ್ಲಿ ಯಾರೂ ಒಂದು ಮಾತು ಆಡಲಿಲ್ಲ.

ಇನ್ನು ಸಿಗದೇ ಇರುವುದೇನು ಎಂಬುದನ್ನೂ ಹೇಳಬೇಕು. ನನ್ನ ಗೆಳತಿಯೊಬ್ಬಳು ಅದೇ ಆರು ತಿಂಗಳು ನೇರಳೆ ಮಾರ್ಗದ ಮೆಟ್ರೋದಲ್ಲಿ ವೈಟ್‌ಫೀಲ್ಡ್‌ಗೆ ಹೋಗಿಬರುತ್ತಿದ್ದಳು. ದಿನಾ ನಗರದ ಈ ತುದಿಯಿಂದ ಆ ತುದಿಗೆ, ಸುಸ್ತಾಗುತ್ತಿದ್ದಳು ನಿಜ. ಆದರೆ ರಿಲೀಸ್ ಕೆಟ್ಟ ದಿನ ಸೀನಿಯರ್‌ಗಳು ಹೇಗೆ ಒಬ್ಬರಿಗೊಬ್ಬರು ಮಾತಾಡುತ್ತಾರೆ, ಎಲ್ಲಿಂದ ಹುಡುಕಲು ಶುರು ಮಾಡುತ್ತಾರೆ, ಯಾವ ವಿಷಯಕ್ಕೆ ಯಾರನ್ನು ಕೇಳಬೇಕು, ಇವೆಲ್ಲ ಅವಳಿಗೆ ಕಾಫಿ ಹೊತ್ತಿನಲ್ಲಿ, ಕಿವಿಗೆ ಬಿದ್ದೇ ಬಂದುಬಿಟ್ಟವು. ನನಗೆ ಬರಲಿಲ್ಲ. ಚಾಟ್‌ನಲ್ಲಿ ಒಂದು ಥಂಬ್ಸ್ ಅಪ್ ಬಿದ್ದರೆ ಅವರಿಗೆ ಖುಷಿಯಾಯಿತಾ, ಸುಮ್ಮನೆ ಒತ್ತಿದರಾ ಎಂಬುದೂ ತಿಳಿಯುತ್ತಿರಲಿಲ್ಲ. ಈ ಒಂಟಿತನವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಪೂರ್ತಿ ತುಂಬಿಕೊಳ್ಳೋಕೆ ಆಗುವುದಿಲ್ಲ, ಸ್ವಲ್ಪ ಮಟ್ಟಿಗೆ ಆಗುತ್ತದೆ. ಏನಾದರೂ ಕೆಟ್ಟಾಗ ತಂಡ ಸೇರುವ ಕಾಲ್‌ಗಳಿಗೆ ಮ್ಯೂಟ್‌ನಲ್ಲಿ ಕೂರುತ್ತೇನೆ ಎಂದು ಕೇಳಿ, ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ವಾರಕ್ಕೊಮ್ಮೆಯಾದರೂ ಸ್ಕ್ರೀನ್ ಹಂಚಿಕೊಂಡು ಯಾರ ಜೊತೆಗಾದರೂ ಕೋಡ್ ಬರೆಯಿರಿ. ಅವರು ಎಡಿಟರ್‌ನಲ್ಲಿ ಎಲ್ಲೆಲ್ಲಿ ಓಡಾಡುತ್ತಾರೆ, ಎರರ್ ಬಂದರೆ ಮೊದಲು ಯಾವ ಸಾಲು ನೋಡುತ್ತಾರೆ ಎಂಬುದನ್ನು ಗಮನಿಸಿ. ಎಲ್ಲಕ್ಕಿಂತ ನನಗೆ ಹೆಚ್ಚು ಉಪಯೋಗವಾದದ್ದು ಹಳೆಯ ಪುಲ್ ರಿಕ್ವೆಸ್ಟ್‌ಗಳನ್ನು ಓದಿದ್ದು. ಅದರಲ್ಲೂ ಸೇರಿಸಿಕೊಳ್ಳದೆ ಮುಚ್ಚಿದವು. ಸೇರಿದ ಕೋಡನ್ನು ಹೇಗೂ ರೆಪೊಸಿಟರಿಯಲ್ಲಿ, ಅಂದರೆ ತಂಡದ ಕೋಡೆಲ್ಲ ಇರುವ ಜಾಗದಲ್ಲಿ, ಕಾಣುತ್ತೇವೆ. ಬೇಡವೆಂದ ಕೋಡು ಯಾಕೆ ಬೇಡವಾಯಿತು ಎಂಬ ವಾದ ಅಲ್ಲಿ ಮಾತ್ರ ಇರುತ್ತದೆ, ಒಂದು ತಂಡ ಯಾವುದಕ್ಕೆ ಬೆಲೆ ಕೊಡುತ್ತದೆ ಎಂಬುದು ಆ ವಾದದಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ, ಒಂದು ಸಾಲನ್ನು ಯಾರು ಯಾವಾಗ ಬರೆದರು ಎಂದು ತೋರಿಸುವ ಬ್ಲೇಮ್ ಎಂಬ ಆದೇಶವಿದೆಯಲ್ಲ, ಹೆಸರು ಕೇಳಿ ಹಿಂಜರಿಯಬೇಡಿ. ವಿಚಿತ್ರವಾಗಿ ಕಾಣುವ ಸಾಲಿನ ಮೇಲೆ ಅದನ್ನು ಓಡಿಸಿ, ಆ ಸಾಲನ್ನು ತಂದ ಕಮಿಟ್‌ನ (ದಾಖಲಾದ ಬದಲಾವಣೆಯ) ಸಂದೇಶ ಓದಿ. ಬೆಳಗ್ಗೆ ಕೇಳಲು ಯಾರೂ ಇಲ್ಲದಾಗ ನನಗೆ ಉತ್ತರ ಕೊಟ್ಟದ್ದು ಎಷ್ಟೋ ಸಲ ಕಂಪನಿ ಬಿಟ್ಟುಹೋದ ಯಾರೋ ಎಂಜಿನಿಯರ್ ಹಿಂದೆಂದೋ ಬರೆದಿಟ್ಟ ಎರಡು ಸಾಲು.

ಮನೆಯ ವಿಷಯ ಚಿಕ್ಕದಾಗಿ: ಕರೆಂಟ್ ಹೋದರೆ ವೈಫೈ ರೌಟರ್ ನಡೆಯುವಷ್ಟು ಸಣ್ಣ ಯುಪಿಎಸ್ ಒಂದು ತಗೊಳ್ಳಿ. ನಿಮ್ಮ ಕೆಲಸದ ಹೊತ್ತು ಯಾವುದು ಎಂದು ಮನೆಯವರಿಗೆ ಮೊದಲ ವಾರವೇ ಹೇಳಿ. ಮನೆಯಲ್ಲೇ ಇದ್ದಾಳಲ್ಲ ಅಂತ ಗ್ಯಾಸ್ ಸಿಲಿಂಡರ್‌ನಿಂದ ಹಿಡಿದು ನೆಂಟರವರೆಗೆ ಎಲ್ಲ ನಮ್ಮ ತಲೆಗೇ ಬರುತ್ತದೆ, ಹೆಣ್ಣುಮಕ್ಕಳಿಗೆ ಇನ್ನೂ ಜಾಸ್ತಿ. ಅಮ್ಮನಿಗೆ ಕೂತು ಬಿಡಿಸಿ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಅದು ನಿಂತಿತು.

ಈಗ ಆಫರ್ ಒಪ್ಪಿಕೊಳ್ಳುವ ಮುಂಚೆ ಮಾಡಬೇಕಾದ್ದು. ನನ್ನ ಕೋಡನ್ನು ಯಾರು ರಿವ್ಯೂ ಮಾಡುತ್ತಾರೆ, ಸಾಮಾನ್ಯವಾಗಿ ಎಷ್ಟು ಹೊತ್ತಿನೊಳಗೆ, ಹಿಂದಿನ ಇಂಟರ್ನ್ ಬರೆದ ಕೋಡು ನಿಜವಾದ ಗ್ರಾಹಕರವರೆಗೆ ಹೋಯಿತಾ ಎಂದು ನೇರವಾಗಿ ಕೇಳಿ. ಇದಕ್ಕೆ ಸ್ಪಷ್ಟ ಉತ್ತರ ಬಂದರೆ ಧೈರ್ಯವಾಗಿ ಸೇರಿ. "ನಿಮಗೆ ವಿಡಿಯೋ ಕೋರ್ಸ್ ಕೊಡುತ್ತೇವೆ, ಕೊನೆಗೆ ಒಂದು ಪ್ರಾಜೆಕ್ಟ್ ಒಪ್ಪಿಸಿ" ಎಂದರೆ ಅದು ಇಂಟರ್ನ್‌ಶಿಪ್ ಅಲ್ಲ. ನೋಂದಣಿ ಶುಲ್ಕ, ತರಬೇತಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್ ಎಂದು ಯಾರಾದರೂ ನಿಮ್ಮಿಂದಲೇ ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ, ಎಷ್ಟೇ ದೊಡ್ಡ ಹೆಸರು ಹೇಳಿಕೊಂಡರೂ ಸರಿ. ಸ್ಟೈಪೆಂಡ್ ಎಷ್ಟು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಮೆಂಟರ್ ಯಾರು ಎಂಬ ಮೂರನ್ನೂ ಆಫರ್ ಪತ್ರದಲ್ಲಿ ಬರೆಸಿಕೊಳ್ಳಿ. ಪತ್ರದಲ್ಲಿ ಆಗದಿದ್ದರೆ ಇಮೇಲ್‌ನಲ್ಲಾದರೂ ತರಿಸಿಕೊಳ್ಳಿ, ವರದಿ ಒಪ್ಪಿಸುವಾಗ ಕಾಲೇಜಿನವರು ಅದನ್ನು ಕೇಳಬಹುದು.